ಹನ್ನೊಂದು ಅಡಿಯ ಗಾಳ

ನನ್ನ ಗಂಡನ ಬಲಗಡೆಯ ಆರು ಪಕ್ಕೆಲುಬುಗಳನ್ನು ತೆಗೆದ ಮೇಲೆ ಅವರ ಅಂಗಿಗಳೆಲ್ಲ ಆ ಕಡೆಗೆ ಜೋತುಬೀಳತೊಡಗಿದವು. ಹದಿನಾಲ್ಕು ತಿಂಗಳು ಘಟ್ಟದ ಮೇಲಿನ ಒಂದು ಸ್ಯಾನಿಟೋರಿಯಂನಲ್ಲಿದ್ದು ಅವರು ಬೊಂಬಾಯಿಯ ಸಾಂತಾಕ್ರೂಜ್‌ನ ನಮ್ಮ ಎರಡು ಕೋಣೆಯ ಮನೆಗೆ ಮರಳಿದ ವಾರವೇ ನಾನು ಹಳೆಯ ದಿಂಬೊಂದನ್ನು ಬಿಚ್ಚಿ, ಅದರ ಹತ್ತಿಯಿಂದ ಅಂಗೈಯಗಲದ ಮೆತ್ತೆಯೊಂದನ್ನು ಹೊಲಿದೆ. ಬನಿಯನ್ನಿನ ಒಳಗೆ ಭುಜದ ಮೇಲೆ ಅದನ್ನು ಕೂರಿಸಿ ಟಿಚ್ ಬಟನ್ ಒತ್ತಿದರೆ ಎರಡೂ ಭುಜಗಳು ಸಮನಾಗಿ ಕಾಣುತ್ತಿದ್ದವು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಅಷ್ಟು ಶ್ರದ್ಧೆಯಿಂದ ಕಲಿಸಿದ ಹೊಲಿಗೆ ಇಂಥದ್ದೊಂದು ಕೆಲಸಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಕ್ಷಯ ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಮನೆಯೊಳಗೆ ನಾವು ಮಾತಾಡುತ್ತಿದ್ದುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ಕಾಯಿಲೆಗೆ ನಾವು ಎರಡು ಭಾಷೆಯಲ್ಲೂ ಹೆಸರು ಇಟ್ಟುಕೊಂಡಿರಲಿಲ್ಲ. ಬಿಲ್ಡಿಂಗಿನವರಿಗೆ, ಊರಿನವರಿಗೆ, ಮಾಟುಂಗಾದ ಬಂಧುಗಳಿಗೆಲ್ಲ ಹೇಳಿದ್ದು ಒಂದೇ: ಆಫೀಸಿನವರು ಅವರನ್ನು ನಾಗಪುರಕ್ಕೆ ಹಾಕಿದ್ದರು, ಅಲ್ಲಿಯ ನೀರು ಒಗ್ಗದೆ ಸೊರಗಿ ಬಂದಿದ್ದಾರೆ. ಕಾರಣ ನನ್ನ ನಾದಿನಿ. ಅವಳಿಗೆ ಇಪ್ಪತ್ತೊಂದು ತುಂಬಿತ್ತು. ಮಾವ ತೀರಿಕೊಂಡು ವರ್ಷಗಳಾಗಿದ್ದವು, ಅಣ್ಣನೇ ಅವಳಿಗೆ ತಂದೆ. ಅಣ್ಣನಿಗೆ ಆ ಕಾಯಿಲೆ ಎಂದು ಗೊತ್ತಾದರೆ ನಮ್ಮ ಜನರಲ್ಲಿ ಆ ಮನೆಯ ಹುಡುಗಿಯನ್ನು ಯಾರೂ ತರುತ್ತಿರಲಿಲ್ಲ. ಫೋರ್ಟ್‌ನಲ್ಲಿ ಹೋಟೆಲಿದ್ದ ಒಂದು ಮನೆತನದಿಂದ ಆಗಲೇ ಒಂದೆರಡು ಸಲ ವಿಚಾರಿಸಿಕೊಂಡು ಹೋಗಿದ್ದರು.

ಸ್ಯಾನಿಟೋರಿಯಂ ಬಿಡುವ ದಿನ ಡಾಕ್ಟರು ನನ್ನನ್ನೂ ಒಳಗೆ ಕರೆದು ಕೂರಿಸಿ ಹೇಳಿದ್ದರು. ಪಕ್ಕೆಲುಬು ತೆಗೆದು ಶ್ವಾಸಕೋಶವನ್ನು ಅದುಮಿದ್ದರಿಂದ ಅದರ ಗಾಯ ಮುಚ್ಚಿದೆ, ಆದರೆ ಅದು ಹಸಿ ಗೋಡೆ. ನಡೆಯಬಹುದು, ಆಫೀಸಿಗೆ ಹೋಗಬಹುದು, ಸಮುದ್ರದ ಗಾಳಿ ಒಳ್ಳೆಯದು. ಮಣಿಕಟ್ಟಿನಲ್ಲಿ ಆಗುವಂಥ ಯಾವ ಕೆಲಸವನ್ನೂ ಮಾಡಲಿ. ಬಲಗೈ ಮಾತ್ರ ಭಾರ ಹೊತ್ತು ಭುಜದಿಂದ ಮೇಲಕ್ಕೆ ಹೋಗಬಾರದು. "ಇನ್ನೊಮ್ಮೆ ತೆರೆದುಕೊಂಡರೆ ಕೊಯ್ಯುವುದಕ್ಕೆ ನಮಗೇನೂ ಉಳಿದಿಲ್ಲ, ತಿಳಿಯಿತೇ?" ಎಂದರು. ತಿಳಿಯಿತು ಎಂದು ನಾನು ತಲೆಯಾಡಿಸಿದೆ. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಮುದ್ರದ ಗಾಳಿಗೆಂದು ಭಾನುವಾರ ಬೆಳಗ್ಗೆ ನಾವಿಬ್ಬರೂ ಲೋಕಲ್ ಹಿಡಿದು ಬಾಂದ್ರಾಕ್ಕೆ ಹೋಗಿ ಅಲ್ಲಿಯ ಕಪ್ಪು ಬಂಡೆಗಳ ಮೇಲೆ ಕೂರತೊಡಗಿದೆವು. ಅವರು ಹುಟ್ಟಿ ಬೆಳೆದದ್ದು ಉಡುಪಿಯ ಕಡೆ, ನದಿ ಕಡಲಿಗೆ ಸೇರುವಲ್ಲಿ. ಹುಡುಗಾಟದ ದಿನಗಳಲ್ಲಿ ಬರೀ ದಾರ, ತುದಿಗೆ ಸೀಸ, ಕೊಕ್ಕೆಗೆ ಸಿಗಡಿ ಸಿಕ್ಕಿಸಿ ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಎಸೆದರೆ ಅರ್ಧ ಹೊಳೆ ದಾಟುತ್ತಿತ್ತಂತೆ. ಎರಡನೆಯ ಭಾನುವಾರವೇ ಹೇಳಿದರು:

"ಕಡಲಿನ ಎದುರು ಸುಮ್ಮನೆ ಕೂತುಕೊಳ್ಳುದು ಹೇಗೆ ಮಾರಾಯ್ತಿ? ಊಟದ ಎಲೆಯ ಎದುರು ಕೈ ಕಟ್ಟಿ ಕೂತ ಹಾಗೆ ಆಗ್ತದೆ."

ಮುಂದಿನ ವಾರ ಒಂದು ದಾರದ ಉಂಡೆ ತಂದರು. ನಾನು ಬೇಡವೆನ್ನುವ ಮೊದಲೇ ನಿಂತು ತಿರುಗಿಸಿದರು. ಕೈ ಕಿವಿಯವರೆಗೂ ಏರಲಿಲ್ಲ. ಸೀಸ ಅವರ ಕಾಲಬುಡದಲ್ಲೇ ಠಪ್ ಎಂದು ಬಿತ್ತು. ಬಂಡೆಯ ಕೆಳಗೆ ಕಪ್ಪೆಚಿಪ್ಪು ಕೆತ್ತುತ್ತಿದ್ದ, ಕೋಳಿ ಎಂಬ ಬೆಸ್ತರ ಪಂಗಡದ ಹೆಂಗಸೊಬ್ಬಳು ತಲೆಯೆತ್ತಿ, "ಅರೇ ಭಾವು, ಮೀನು ನೀರಿನಲ್ಲಿರ್ತದೆ, ನಿನ್ನ ಚಪ್ಪಲಿಯೊಳಗಲ್ಲ!" ಎಂದು ಮರಾಠಿಯಲ್ಲಿ ಕೂಗಿ ಇನ್ನಿಬ್ಬರ ಜೊತೆ ನಕ್ಕಳು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಇವರೂ ನಕ್ಕರು. ಆದರೆ ದಾರ ಸುತ್ತುವಾಗ ಅವರ ಕಿವಿಯ ತುದಿ ಕೆಂಪಾಗಿದ್ದುದನ್ನು ನಾನು ಕಂಡೆ.

ಅದೇ ಬಂಡೆಗಳ ಮೇಲೆ ಒಬ್ಬ ಗೋವಾದ ಮುದುಕರು ಕೋಲು ಮತ್ತು ರೀಲು ಹಿಡಿದು ಮೀನು ಹಿಡಿಯಲು ಬರುತ್ತಿದ್ದರು. ತಲೆಯ ಮೇಲೆ ತಿರುಗಿಸುವುದಿಲ್ಲ, ಓಡುವುದಿಲ್ಲ. ಕೋಲು ಬೀಸಿದರೆ ದಾರ ತಾನೇ ಹೋಗುತ್ತದೆ, ಹಿಡಿಕೆ ತಿರುಗಿಸಿದರೆ ತಾನೇ ಬರುತ್ತದೆ. ಇವರು ಆ ಮುದುಕರನ್ನು ನೋಡುವ ಬಗೆ ನೋಡಿ, ತರಿಸಲೇಬೇಕೆಂದು ನನಗೇ ಅನ್ನಿಸಿತು. ಡಾಕ್ಟರು ಹೇಳಿದ ಮಣಿಕಟ್ಟಿನ ಕೆಲಸ ಇದೇ ಅಲ್ಲವೇ?

ಆಫೀಸಿನ ಸ್ನೇಹಿತರೊಬ್ಬರು ಒಂದು ವಿಲಾಯತಿ ಕ್ಯಾಟಲಾಗ್ ಕೊಟ್ಟು, ಅಂಥ ಸಾಮಾನು ಮಾರುವ ಫೋರ್ಟಿನ ಅಂಗಡಿಯೊಂದರ ವಿಳಾಸವನ್ನೂ ಹೇಳಿದರು. ರಾತ್ರಿಯಡಿಗೆ ಒಲೆಯ ಮೇಲಿರುವಾಗ ನಾನದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಿದ್ದೆ. ಅವರು ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿ ಕೇಳುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದೆ ಅಲ್ಲ. ಆದರೆ ಮೀನಿನ ಇಂಗ್ಲಿಷ್ ಬೇರೆ, ಲೆಡ್ಜರಿನ ಇಂಗ್ಲಿಷ್ ಬೇರೆ ಎನ್ನುತ್ತಿದ್ದರು. ಆ ಪುಸ್ತಕದಿಂದ ನಾನೂ ಕಲಿತೆ. ಕೋಲನ್ನೂ ರೀಲನ್ನೂ ಬೇರೆ ಬೇರೆ ಕೊಳ್ಳಬಾರದು, ಜೋಡಿ ನೋಡಬೇಕು. ಉದ್ದ ಕೋಲಿಗೆ ಸಣ್ಣ ರೀಲು ಹಾಕಿದರೆ ತುದಿ ಬಾಗಿ ಕೈ ಸೋಲುತ್ತದೆ. ಗಿಡ್ಡ ಕೋಲಿಗೆ ದಪ್ಪ ರೀಲು ಹಾಕಿದರೆ ಮೀನು ಮುಟ್ಟಿದ್ದೇ ತಿಳಿಯುವುದಿಲ್ಲ. ಇಂಥ ಕೋಲಿಗೆ ಇಷ್ಟೇ ತೂಕದ ಸೀಸ, ಇಷ್ಟೇ ದಪ್ಪದ ದಾರ. ಉಪ್ಪು ನೀರಿನಲ್ಲಿ ಕಬ್ಬಿಣದ ಒಂದು ಮೊಳೆಯಿದ್ದರೂ ಸಾಕು, ತಿಂಗಳೊಳಗೆ ಇಡೀ ರೀಲು ತುಕ್ಕು ಹಿಡಿದು ಕುಳಿತುಬಿಡುತ್ತದೆ.

ಒಂದು ಪುಟದಲ್ಲಿ ಏಳು ಅಡಿಯ ಹಗುರ ಜೋಡಿಯ ಚಿತ್ರವಿತ್ತು. ದಡದ ಬಳಿ ಆಡುವ ಮೀನುಗಳಿಗೆ ಇದೇ ಸರಿ ಎಂದು ಮೇಲೆ ಬರೆದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ 'ಮಹಿಳೆಯರಿಗೂ ಮಕ್ಕಳಿಗೂ ಮೆಚ್ಚುಗೆಯದು' ಎಂದಿತ್ತು. ಆ ಸಾಲನ್ನು ನಾನು ಬಿಟ್ಟು ಓದಿದೆ. ಅವರು ಎದ್ದು ಕುಳಿತು ಪುಸ್ತಕ ಎಳೆದುಕೊಂಡು ಓದಿದರು. ಪುಟ ಮಗುಚಿದರು.

ಆಮೇಲೆ ಒಂದು ಶುಕ್ರವಾರ ನನಗೇ ಹೇಳಿದರು, "ನೀನೇ ಹೋಗಿ ತಾ."

"ನಾನಾ? ನನಗೆ ಎಂತ ಗೊತ್ತುಂಟು? ನೀವು ಹಿಡಿದು ನೋಡ್ಬೇಡ್ವಾ?"

"ಆ ಅಂಗಡಿಯಲ್ಲಿ ಕೋಲು ಕೈಗೆ ಕೊಟ್ಟು ಬೀಸಿ ತೋರಿಸು ಹೇಳ್ತಾನಂತೆ. ನಾಲ್ಕು ಜನರ ಎದುರು ನಾನು ಎಂತ ಬೀಸುದು? ನೀನು ಕಾನ್ವೆಂಟಿನವಳು, ಚಂದ ಮಾಡಿ ಮಾತಾಡ್ತಿ. ಹೋಗು."

ಅತ್ತೆ ಬಾಗಿಲ ಹತ್ತಿರ ತೊಂಡೆಕಾಯಿ ಸೀಳುತ್ತಿದ್ದವರು ಕತ್ತಿಯ ಮಣೆಯಿಂದ ತಲೆಯೆತ್ತದೆ, "ಹೋಗ್ಲಿ. ಆದ್ರೆ ಆ ಸುದ್ದಿ ಮಾತ್ರ ಎತ್ತುದು ಬೇಡ. ಫೋರ್ಟಿನ ಗೋಡೆಗೂ ಕಿವಿ ಉಂಟು, ಅವರ ಹೋಟೆಲು ಅಲ್ಲೇ ಇರುದು," ಎಂದರು.

ಅಂಗಡಿ ಉದ್ದಕ್ಕೆ, ಕತ್ತಲೆಯಾಗಿತ್ತು. ಗೋಡೆಯ ಗಾಜಿನ ಕಪಾಟುಗಳಲ್ಲಿ ಕ್ರಿಕೆಟ್ ಬ್ಯಾಟುಗಳು, ಟೆನಿಸ್ ಬಲೆಗಳು. ಹಿಂದಿನ ಮೂಲೆಯಲ್ಲಿ ಬಿಲ್ಲಿನಂತೆ ಸಾಲಾಗಿ ನಿಂತ ಕೋಲುಗಳು. ಮಾಲೀಕರು ಪಾರ್ಸಿ ಮುದುಕರು. ಅವರ ಕೋಟಿನ ಮೊಣಕೈಗೆ ತೊಗಲಿನ ತೇಪೆ ಹಾಕಿತ್ತು, ಅದರ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ನನ್ನನ್ನು 'ಡಿಕ್ರಿ' ಎಂದರು. ಮಗಳೇ ಎಂದು ಅದರರ್ಥ. ಮಾತು ಇಂಗ್ಲಿಷಿನಲ್ಲೇ ನಡೆಯಿತು.

"ಕೋಲು, ರೀಲು, ದಾರ, ಸೀಸ. ಇವು ನಾಲ್ಕೂ ಒಂದೇ ಸಂಸಾರ ಡಿಕ್ರಿ," ಎಂದರು. "ಒಬ್ಬ ಜೋರು ಮಾಡಿದರೆ ಮನೆ ಮುರೀತದೆ. ಐದನೆಯವನು ಕೋಲು ಹಿಡಿಯುವವನು. ಅವನನ್ನು ನೋಡದೆ ನಾನು ಜೋಡಿ ಮಾಡಿ ಕೊಡೋದಿಲ್ಲ. ಅವನು ಯಾಕೆ ಬರಲಿಲ್ಲ?"

"ಆಫೀಸು," ಎಂದೆ.

"ಶನಿವಾರ ಮಧ್ಯಾಹ್ನ ಮೂರು ಗಂಟೆಗೆ? ಬ್ರಿಟಿಷರು ಹೋದರೂ ಅವರ ಆಫೀಸು ಹೋಗಲಿಲ್ಲ ಅನ್ನು!" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಏಳು ಅಡಿಯ ಕೋಲೊಂದನ್ನು ನನ್ನ ಕೈಗೆ ಕೊಟ್ಟರು.

ಜೇನಿನ ಬಣ್ಣದ ಕೋಲು. ಹಿಡಿಗೆ ಹಾಕಿದ ಕಾರ್ಕು ಅಂಗೈಗೆ ಬೆಚ್ಚಗಿತ್ತು. ಅದಕ್ಕೆ ಒಂದು ಸಣ್ಣ ರೀಲು. ಇದರ ಉರುಳೆ ತಿರುಗುವುದಿಲ್ಲ, ದಾರ ಸುರುಳಿ ಸುರುಳಿಯಾಗಿ ಅದರ ತುದಿಯಿಂದ ಜಾರಿ ಹೋಗುತ್ತದೆ ಎಂದು ತೋರಿಸಿದರು. ನನ್ನ ಮೊಣಕೈಯನ್ನು ಪಕ್ಕೆಗೆ ಅಂಟಿಸಿಟ್ಟುಕೊಳ್ಳಲು ಹೇಳಿ, "ಈಗ ಬರೀ ಮಣಿಕಟ್ಟು. ಬಾಗಿಲ ಚಿಲಕ ತೆಗೆಯುವ ಹಾಗೆ," ಎಂದರು. ನಾನು ಮಣಿಕಟ್ಟು ತಿರುಗಿಸಿದೆ. ತುದಿಗೆ ಕಟ್ಟಿದ ರಬ್ಬರಿನ ಚೂರು ಹಾರಿ ಅಂಗಡಿಯ ಆಚೆ ತುದಿಯ ಕ್ಯಾರಮ್ ಬೋರ್ಡಿಗೆ ತಾಗಿತು. ನನ್ನ ಭುಜ ಒಂದಿಷ್ಟೂ ಅಲುಗಿರಲಿಲ್ಲ.

ಇದೇ, ಎಂದು ನನ್ನ ಕೈಗೆ ಗೊತ್ತಾಯಿತು. ಇಷ್ಟು ವರ್ಷಗಳಾದರೂ ಆ ಕ್ಷಣದ ಹಗುರ ನನ್ನ ಮಣಿಕಟ್ಟಿನಲ್ಲಿದೆ.

"ಇದು ತೋಳನ್ನು ಉಳಿಸಿಕೊಳ್ಳಬೇಕಾದವರಿಗೆ," ಎಂದರು ಮುದುಕರು. "ವಯಸ್ಸಾದವರು, ಕಾಯಿಲೆ ಬಿದ್ದು ಎದ್ದವರು. ನನ್ನದೂ ಇದೇ. ನಿನ್ನ ಗಂಡ ಹೇಗಿದ್ದಾನೆ? ತೋಳು? ಎದೆ?"

ಎದೆ ಎಂಬ ಮಾತು ಬಂದದ್ದೇ ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಅಂಗಡಿಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಇನ್ನೊಬ್ಬ ಗಿರಾಕಿಯೂ ಇರಲಿಲ್ಲ. ಆ ಮುದುಕರಿಗೆ ನಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ನನ್ನ ನಾದಿನಿ ಹುಟ್ಟಿದ್ದೂ ಗೊತ್ತಿಲ್ಲ. ನಿಜ ಹೇಳಿದ್ದರೆ ಅದು ಆ ಕಪಾಟುಗಳ ನಡುವೆಯೇ ಉಳಿಯುತ್ತಿತ್ತು. ಆದರೆ ವರ್ಷಕ್ಕೂ ಮಿಕ್ಕಿ ಬಾಯಿಗೆ ಸುಳ್ಳು ಅಭ್ಯಾಸವಾಗಿತ್ತು. ಯಾರೇ ಕೇಳಲಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ತಯಾರಿರುತ್ತಿತ್ತು.

"ತುಂಬಾ ಗಟ್ಟಿ ಆಳು," ಎಂದೆ. ಅದೂ ಸಾಲದೆಂದು, "ಕಾಲೇಜಿನಲ್ಲಿ ಗುಂಡೆಸೆತದಲ್ಲಿ ಬಹುಮಾನ ಬಂದಿತ್ತು," ಎಂದೆ. ಅವರು ಕಾಲೇಜಿಗೆ ಹೋದವರೇ ಅಲ್ಲ.

ಮುದುಕರ ಮುಖ ಅರಳಿತು. "ಮೊದಲೇ ಹೇಳಬಾರದೇ! ಹಾಗಾದರೆ ಈ ಆಟಿಕೆ ಯಾಕೆ?" ಎಂದು ನನ್ನ ಕೈಯಿಂದ ಜೇನಿನ ಬಣ್ಣದ ಕೋಲನ್ನು ತೆಗೆದುಕೊಂಡು ಮೂಲೆಯಲ್ಲಿಟ್ಟರು. ಒಳಗಿನಿಂದ ತಂದದ್ದು ಹನ್ನೊಂದು ಅಡಿಯದು. ಬಿದಿರಿನ ಸೀಳುಗಳನ್ನು ಅಂಟಿಸಿ ಆರು ಮೂಲೆ ಮಾಡಿ, ಕಪ್ಪು ರೇಷ್ಮೆ ನೂಲಿನಿಂದ ಅಲ್ಲಲ್ಲಿ ಕಟ್ಟಿದ್ದು. ಎರಡು ತುಂಡು, ನಡುವೆ ಹಿತ್ತಾಳೆಯ ಕೊಳವೆ. ಇದರ ರೀಲಿನ ಉರುಳೆ ತಿರುಗುತ್ತದೆ, ಎಸೆದಾಗ ಹೆಬ್ಬೆರಳಿನಿಂದ ತಡೆಯಬೇಕು. ಸೀಸ ಕೋಳಿಮೊಟ್ಟೆಯಷ್ಟು ದೊಡ್ಡದು. ತಲೆಯ ಹಿಂದಿನಿಂದ ಎತ್ತಿ ಎಸೆಯಬೇಕು, ಹಾಗೆ ಎಸೆದರೆ ಬಂಡೆಗಳಾಚೆಯ ಆಳಕ್ಕೆ ಹೋಗಿ ಬೀಳುತ್ತದೆ, ರಾವಸ್, ಮುರು, ಏನು ಬೇಕಾದರೂ ಸಿಗುತ್ತದೆ ಎಂದರು. ಪ್ರತಿ ಸಲವೂ ಸಿಹಿ ನೀರಿನಲ್ಲಿ ತೊಳೆದು ಒರೆಸಿ, ತಿರುಪುಗಳಿಗೆ ಒಂದೊಂದು ಹನಿ ಎಣ್ಣೆ ಬಿಡು ಎಂದು ಮೂರು ಸಲ ಹೇಳಿದರು. ನಾನು ಮೂರು ಸಲವೂ ಹೂಂ ಎಂದೆ.

ಆಗಲೂ ಬೇಡ, ಚಿಕ್ಕದೇ ಇರಲಿ ಎನ್ನಬಹುದಿತ್ತು. ಎನ್ನದಿರುವುದಕ್ಕೆ ಸುಳ್ಳೊಂದೇ ಕಾರಣವಾಗಿರಲಿಲ್ಲ. ಆ ಚಿಕ್ಕದನ್ನು ಬಿಚ್ಚಿದಾಗ ಇವರ ಮುಖ ಹೇಗಾದೀತೆಂದು ನಾನು ನೋಡಿಯಾಗಿತ್ತು, ಕ್ಯಾಟಲಾಗಿನ ಪುಟ ಮಗುಚಿದ ರಾತ್ರಿ.

ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಎದುರು ಕುಳಿತ ಧಾರವಾಡದ ಕಡೆಯ ಹೆಂಗಸೊಬ್ಬರು ನನ್ನ ಕೈಯ ಉದ್ದ ಚೀಲ ನೋಡಿ, "ಏನ್ರೀ ಅದು, ಪರದೆ ಹಾಕೂ ಕೋಲೇನ್ರೀ?" ಎಂದರು. ಹೌದೆಂದೆ. "ಭಾಳ ದೊಡ್ಡ ಕಿಡಕಿ ಇರಬೇಕ್ರೀ ನಿಮ್ಮನ್ಯಾಗ," ಎಂದರು ಪಾಪ, ಮೆಚ್ಚುಗೆಯಿಂದ.

ಮನೆಯೊಳಗೆ ಎರಡು ತುಂಡನ್ನೂ ಸೇರಿಸಿದಾಗ ಕೋಲಿನ ತುದಿ ಬಾಗಿಲು ದಾಟಿ ಗ್ಯಾಲರಿಗೆ ಹೋಯಿತು. ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡು, "ಇದೆಂತದು, ಮೀನು ಹಿಡಿಲಿಕ್ಕಾ, ಎಳನೀರು ಕೊಯ್ಲಿಕ್ಕಾ?" ಎಂದರು. ನಾದಿನಿ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇವರು ಎರಡೂ ಕೈಯಲ್ಲಿ ಕೋಲನ್ನು ಹಿಡಿದು, ಮೇಲಿನಿಂದ ಕೆಳಗಿನವರೆಗೆ ಒಂದೊಂದು ರೇಷ್ಮೆ ಕಟ್ಟನ್ನೂ ಬೆರಳಿನಿಂದ ಮುಟ್ಟಿ ನೋಡಿದರು. "ಇದು ಸಾಮಾನು," ಎಂದರು. ಕಾಯಿಲೆಯಿಂದ ಎದ್ದು ಬಂದಮೇಲೆ ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಕೈ ಮೇಲೆ ಹೋಗಬಾರದೆಂದು ನಾನು ಮೆಲ್ಲಗೆ ನೆನಪಿಸಿದೆ. "ಎಡಗೈಯಲ್ಲಿ ಎಸೀತೇನೆ ಮಾರಾಯ್ತಿ, ಹೆದರ್ಬೇಡ."

ಮೊದಲ ಎರಡು ಭಾನುವಾರ ಎಡಗೈಯಲ್ಲೇ ಎಸೆದರು. ಹೆಬ್ಬೆರಳು ಹೊತ್ತಿಗೆ ಸರಿಯಾಗಿ ಕೂರದೆ ಉರುಳೆ ಓಡಿ, ದಾರವೆಲ್ಲ ಗುಬ್ಬಿಗೂಡಿನಂತೆ ಸಿಕ್ಕಾಗುತ್ತಿತ್ತು. ಬಿಸಿಲಿನಲ್ಲಿ ಕುಳಿತು ಹೊಲಿಗೆಯ ಸೂಜಿಯ ತುದಿಯಿಂದ ಆ ಗಂಟುಗಳನ್ನು ನಾನು ಬಿಡಿಸುತ್ತಿದ್ದೆ. ಮೂರನೆಯ ಭಾನುವಾರ ಬಲಗೈ ಮೇಲೆ ಹೋಯಿತು. ಮೊಣಕೈ ಕಿವಿಯ ಮಟ್ಟಕ್ಕೆ, ಆಮೇಲೆ ಇನ್ನೂ ಮೇಲಕ್ಕೆ. ಸೀಸ ಸುಯ್ ಎಂದು ಹೋಗಿ ಬಹಳ ದೂರದಲ್ಲಿ ಬಿತ್ತು. ಕೆಳಗಿನಿಂದ ಅದೇ ಬೆಸ್ತರ ಹೆಂಗಸು, "ವ್ಹಾ ಭಾವು!" ಎಂದಳು. ಇವರು ತಿರುಗಿ ನನ್ನನ್ನು ನೋಡಿದ ನೋಟದ ಮುಂದೆ ನನಗೆ ಡಾಕ್ಟರ ಮಾತನ್ನು ಎತ್ತುವುದಾಗಲಿಲ್ಲ. ಅವತ್ತು ಮೊಳದುದ್ದದ ಒಂದು ರಾವಸ್ ಸಿಕ್ಕಿತು. ಅತ್ತೆ ಅದಕ್ಕೆ ಹುಳಿಮೆಣಸು ಅರೆದರು. ನಾಲ್ಕು ಜನ ಹೊಟ್ಟೆ ತುಂಬ ಉಂಡೆವು.

ಮಳೆಗಾಲ ಕಳೆದು ಮತ್ತೆ ಚಳಿ ಬಂದು ಹೋಗುವವರೆಗೆ ಏನೂ ಆಗಲಿಲ್ಲ. ಆಗಲೇ ಇಲ್ಲವೆಂದು ನನಗೂ ಧೈರ್ಯ ಬಂದಿತ್ತು. ನಾದಿನಿಯ ಮದುವೆ ಫೋರ್ಟಿನ ಹೋಟೆಲಿನ ಮನೆಯವರ ಮಗನೊಡನೆ ಗೊತ್ತಾಯಿತು. ಮದುವೆಗೆ ಹತ್ತೊಂಬತ್ತು ದಿನವಿರುವಾಗ, ಒಂದು ಭಾನುವಾರ ಬೆಳಗ್ಗೆ ನೀರು ತುಂಬಿ ಏರುತ್ತಿತ್ತು. ಗಾಳಿ ಎದುರಿತ್ತು. ಎದುರು ಗಾಳಿಗೆಂದು ಅವರು ಕೋಲನ್ನು ಇನ್ನಷ್ಟು ಹಿಂದಕ್ಕೆ ಒಯ್ದು, ಕಾಲು ಅಗಲಿಸಿ, ಮೈಯನ್ನೆಲ್ಲ ಹಾಕಿ ಎಸೆದರು. ಸೀಸ ನೀರಿಗೆ ಬಿದ್ದ ಸದ್ದು ಬರುವ ಮೊದಲೇ ಅವರು ಕೆಮ್ಮಿದರು. ಒಂದೇ ಕೆಮ್ಮು. ಆಮೇಲೆ ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಏನೋ ಬಿದ್ದುಹೋದದ್ದನ್ನು ಹುಡುಕುವವರಂತೆ ಕೆಳಗೆ ನೋಡತೊಡಗಿದರು. ನಾನು ಹತ್ತಿರ ಹೋದೆ. ಬಂಡೆಯ ಗುಳಿಯಲ್ಲಿ ನಿಂತ ತಿಳಿ ನೀರಿನಲ್ಲಿ ಒಂದು ಕೆಂಪು ಎಳೆ ಇಳಿಯುತ್ತಿತ್ತು. ಅಲ್ಲಿದ್ದ ಸಣ್ಣ ಏಡಿಯೊಂದು ಅಡ್ಡಡ್ಡ ಸರಿದು ಬದಿಗೆ ಹೋಯಿತು.

"ಯಾರಿಗೂ ಹೇಳ್ಬೇಡ," ಎಂದರು ಬಾಯಿ ಒರೆಸಿಕೊಂಡು.

"ಇವತ್ತೇ ಡಾಕ್ಟರ ಹತ್ರ ಹೋಗುವ. ಇಲ್ಲಿಂದಲೇ."

"ಹೋದ್ರೆ ಸೇರಿಸಿಕೊಳ್ತಾರೆ. ಹತ್ತೊಂಬತ್ತು ದಿನ ಮಾರಾಯ್ತಿ. ಧಾರೆ ಎರೆಯುದು ಯಾರು? ಅಣ್ಣ ಎಲ್ಲಿ ಅಂತ ಕೇಳಿದ್ರೆ ಈ ಸಲ ಯಾವ ನಾಗಪುರ ಹೇಳ್ತಿ?"

ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಉತ್ತರವಿತ್ತು. ಧಾರೆಯನ್ನು ಚಿಕ್ಕಪ್ಪನೂ ಎರೆಯಬಹುದು, ಸೋದರಮಾವನೂ ಎರೆಯಬಹುದು. ನಾನು ಕೋಲೆತ್ತಿ ದಾರ ಸುತ್ತತೊಡಗಿದೆ.

ಆ ಹತ್ತೊಂಬತ್ತು ದಿನ ಅವರ ಕರ್ಚೀಫುಗಳನ್ನು ಅತ್ತೆ ಏಳುವ ಮೊದಲೇ ಬೇರೆ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸಿದೆ. ಮೂರು ಸಲ ರಕ್ತ ಬಂತು. ಸಂಜೆ ಕೆನ್ನೆ ಕೆಂಪಗಾಗುತ್ತಿತ್ತು. ನೋಡಿದವರು, ಮದುವೆ ಮನೆಯ ಕಳೆ ಬಂದಿದೆ ಎನ್ನುತ್ತಿದ್ದರು. ಅತ್ತೆಗೆ ಗೊತ್ತಾಗಲಿಲ್ಲವೆಂದು ಆಗ ನಂಬಿದ್ದೆ. ಒಂದು ಬೆಳಗ್ಗೆ ಕುದಿಸುವ ಪಾತ್ರೆ ಇದ್ದ ಜಾಗದಲ್ಲಿ ಇರಲಿಲ್ಲ. ಹುಡುಕಿದರೆ, ಆಗಲೇ ನೀರು ತುಂಬಿ ಸ್ಟೌವಿನ ಮೇಲಿತ್ತು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು.

ಮದುವೆ ಮಾಟುಂಗಾದ ಒಂದು ಹಾಲ್‌ನಲ್ಲಿ ನಡೆಯಿತು. ಅವರು ಭುಜಕ್ಕೆ ಮೆತ್ತೆ ಕಟ್ಟಿಕೊಂಡು, ಅದರ ಮೇಲೆ ಹೊಸ ಕೋಟು ತೊಟ್ಟು, ತಂಗಿಯ ಕೈಯನ್ನು ವರನ ಕೈಯಲ್ಲಿಟ್ಟು ನೀರೆರೆದರು. ತುಂಬಿದ ಕಲಶ ಅವರ ಕೈಯಲ್ಲಿ ಸ್ವಲ್ಪವೂ ನಡುಗಲಿಲ್ಲ. ಬೀಗರಲ್ಲಿ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ನಿಮ್ಮ ಯಜಮಾನರದ್ದು ಒಳ್ಳೆ ಕಟ್ಟುಮಸ್ತು ಮೈ ಅಮ್ಮಾ," ಎಂದರು. ನಾನು ಸೆರಗು ಸರಿಮಾಡಿಕೊಂಡೆ.

ಮದುವೆಯಾದ ಮೂರನೆಯ ದಿನ ಬಚ್ಚಲಿನಲ್ಲಿ ಬಿದ್ದರು. ಈ ಸಲ ಬಾಯಿಂದ ಬಂದ ರಕ್ತ ಬರೀ ಎಳೆಯಾಗಿರಲಿಲ್ಲ.

ಸ್ಯಾನಿಟೋರಿಯಂನ ಅದೇ ಡಾಕ್ಟರು ಹೊಸ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಏನಾದರೂ ಎತ್ತಿದರೇ? ಎಸೆದರೇ?" ಎಂದು ಕೇಳಿದರು. ಆಗ ಹೇಳಿದೆ. ಅಂಗಡಿ, ಎರಡು ಕೋಲು, ಹನ್ನೊಂದು ಅಡಿ, ಕೋಳಿಮೊಟ್ಟೆಯ ಗಾತ್ರದ ಸೀಸ, ಬಂಡೆಯ ಮೇಲಿನ ರಕ್ತ, ಇಪ್ಪತ್ತೆರಡು ದಿನ. ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೋದಂತೆ ನನ್ನ ಇಂಗ್ಲಿಷ್ ಎಷ್ಟು ಚೊಕ್ಕವಾಗಿದೆಯೆಂದು ನನಗೇ ಅಸಹ್ಯವಾಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಎಸೆದದ್ದರಿಂದಲೇ ಆಯಿತೆಂದು ಹೇಳುವಂತಿಲ್ಲ, ಎಸೆಯದಿದ್ದರೂ ಕೆಲವರಲ್ಲಿ ಮರಳುತ್ತದೆ ಎಂದರು. ಆಮೇಲೆ, "ನೀವು ಓದಿದವರು," ಎಂದಷ್ಟೇ ಹೇಳಿ ಕನ್ನಡಕ ಮತ್ತೆ ಹಾಕಿಕೊಂಡರು.

ಮೊದಲ ಸಲ ಹಿಡಿದ ಇಂಜೆಕ್ಷನ್ ಈ ಸಲ ಹಿಡಿಯಲಿಲ್ಲ. ಅವರನ್ನು ಮತ್ತೆ ಅಲ್ಲೇ ಸೇರಿಸಿಕೊಂಡಿದ್ದರು, ತಿಂಗಳಿಗೆ ಎರಡು ಭಾನುವಾರ ನೋಡಲು ಹೋಗುತ್ತಿದ್ದೆ. ವಾರ್ಡಿನ ಉದ್ದಕ್ಕೂ ಬಿಳಿ ಕಬ್ಬಿಣದ ಮಂಚಗಳು. ಅವರದು ಕೊನೆಯಿಂದ ಮೂರನೆಯದು. ಒಂದು ದಿನ ಅವರೇ ಕೇಳಿದರು:

"ಆ ಪಾರ್ಸಿ ಮುದುಕನಿಗೆ ನನ್ನ ಬಗ್ಗೆ ಎಂತ ಹೇಳಿದ್ದೆ ನೀನು?"

"ತುಂಬಾ ಗಟ್ಟಿ ಆಳು ಹೇಳಿದೆ."

"ಮತ್ತೆ?"

"ಗುಂಡು ಎಸೀತಿದ್ರು, ಬಹುಮಾನ ಬಂದಿತ್ತು ಹೇಳಿದೆ."

ಅವರು ನಗಲು ಹೊರಟು, ಕೆಮ್ಮು ಬಂದೀತೆಂದು ಅರ್ಧಕ್ಕೆ ತಡೆದುಕೊಂಡರು. ಕಣ್ಣು ಮಾತ್ರ ನಗುತ್ತಿತ್ತು. "ಅವ ನಂಬಿದನಾ?"

"ನಂಬಿದ್ರು. ಖುಷಿಯಾಯ್ತು ಅವರಿಗೆ."

ಅವರು ತಮಾಷೆ ಮಾಡುತ್ತಿರಲಿಲ್ಲ, ನಿಜಕ್ಕೂ ಸಂತೋಷಪಟ್ಟರು. ಈ ಬೊಂಬಾಯಿಯಲ್ಲಿ ಒಬ್ಬನಾದರೂ ತನ್ನನ್ನು ಹಾಗೆ ಕಲ್ಪಿಸಿಕೊಂಡು ಮಧ್ಯಾಹ್ನವೊಂದನ್ನು ಕಳೆದನಲ್ಲ ಎಂಬ ಸಂತೋಷ. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಚಿಕ್ಕ ಕೋಲಿನ ಸುದ್ದಿ ಹೇಳಿಬಿಟ್ಟೆ. ಅದನ್ನು ಕೈಯಲ್ಲಿ ಹಿಡಿದಿದ್ದೆ, ಅದೇ ಸರಿಯೆಂದು ಗೊತ್ತಾಗಿತ್ತು, ಮುದುಕರು ಬಾಯಿಬಿಟ್ಟು ಕೇಳಿದ್ದರು, ಹೇಳಲು ಅಡ್ಡಿಯಾಗಿ ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅವರು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಪಕ್ಕದ ಮಂಚದವರು ಕೇಳಿಸಿಕೊಳ್ಳದವರಂತೆ ಪೇಪರು ಮಡಚಿದರು.

"ಆ ಏಳಡಿದನ್ನು ತಂದಿದ್ರೆ ನಾನು ಮುಟ್ತಿರ್ಲಿಲ್ಲ," ಎಂದರು ಕೊನೆಗೆ. "ನಿನಗೆ ಗೊತ್ತುಂಟಲ್ಲ ನನ್ನ ಹಟ. ಮೂಲೆಯಲ್ಲಿ ಬಿದ್ದಿರ್ತಿತ್ತು."

ಅದು ನಿಜವೋ, ಮನೆಗೆ ಮರಳುವ ರೈಲಿನಲ್ಲಿ ನಾನು ಅಳಬಾರದೆಂದು ಆಡಿದ ಮಾತೋ ನನಗೆ ತಿಳಿಯಲಿಲ್ಲ. ಅದಾದ ಮೇಲೆ ಇನ್ನೂ ನಾಲ್ಕು ಸಲ ಹೋದೆ. ಕೇಳಬಹುದಿತ್ತು. ನಾದಿನಿ ಬಸುರಿಯೆಂದು ಹೇಳಿದೆ, ಅವಳ ಅತ್ತೆ ಮನೆಯಲ್ಲಿ ದಿನಾ ಮೀನು ತಿನ್ನಿಸುತ್ತಾರೆಂದು ಹೇಳಿದೆ, ಮನೆಯ ನಲ್ಲಿಗೆ ಹೊಸ ವಾಷರ್ ಹಾಕಿಸಿದ್ದನ್ನು ಹೇಳಿದೆ. ಅವರು ಎಲ್ಲಕ್ಕೂ ಹೂಂಗುಟ್ಟುತ್ತಿದ್ದರು. ಐದನೆಯ ಸಲಕ್ಕೆ ರೈಲು ಹತ್ತಲೆಂದು ನಾನು ಚಪ್ಪಲಿ ಮೆಟ್ಟುತ್ತಿರುವಾಗ ಸ್ಯಾನಿಟೋರಿಯಂನಿಂದ ತಾರು ಬಂತು. ಅದನ್ನು ಅತ್ತೆಗೆ ಓದಿ ಹೇಳಬೇಕಾದವಳೂ ನಾನೇ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾಲ್ಕೇ ನಾಲ್ಕು ಪದಗಳು. ಇದ್ದದ್ದನ್ನು ಇದ್ದ ಹಾಗೆ ತುಳುವಿನಲ್ಲಿ ಓದಿ ಹೇಳಿದೆ.